ಸೈಕಲ್‌ನ ಮುಂದಿನ ಚಕ್ರಕ್ಕೆ ಹಬ್ ಮೋಟರ್: ಮೊದಲು ಫೋರ್ಕ್ ನೋಡಿ, ಆಮೇಲೆ ಕಿಟ್ ತನ್ನಿ

ಹಳೇ ಚಕ್ರ ಬಿಚ್ಚು, ಮೋಟರ್ ಇರುವ ಚಕ್ರ ಹಾಕು, ನಟ್ ಬಿಗಿ ಮಾಡು, ವೈರ್ ಸಿಕ್ಕಿಸು. ಸೈಕಲ್‌ಗೆ ಬ್ಯಾಟರಿಯ ನೆರವು ಕೊಡಲು ಚಕ್ರದ ನಡುವೆಯೇ ಮೋಟರ್ ಕೂರಿಸಿರುವ ಮುಂದಿನ ಹಬ್ ಮೋಟರ್ ಕಿಟ್ ಬಗ್ಗೆ ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ. ಕೆಲಸ ನಿಜಕ್ಕೂ ಅಷ್ಟೇ. ಕೈ ಪಳಗಿದವರಿಗೆ ಒಂದು ಮಧ್ಯಾಹ್ನ ಸಾಕು. ಆದರೆ ಆ ನಟ್ ಕೂರುವ ಜಾಗ ಇದೆಯಲ್ಲ, ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಫೋರ್ಕ್‌ನ ಎರಡು ಕಾಲುಗಳ ತುದಿಯಲ್ಲಿರುವ ಸೀಳು, ಅದನ್ನು ಮಾಡಿರುವುದು ಸುಮ್ನೆ ಉರುಳಿಕೊಂಡು ಹೋಗುವ ಚಕ್ರಕ್ಕೆ. ಮೋಟರ್ ಹಾಕಿದ ಮೇಲೆ ಆ ಚಕ್ರ ಸುಮ್ನೆ ಉರುಳುವುದಿಲ್ಲ.

ಮೋಟರ್ ಚಕ್ರವನ್ನು ಎಷ್ಟು ಬಲದಿಂದ ಮುಂದಕ್ಕೆ ತಿರುಗಿಸುತ್ತದೋ ಅಷ್ಟೇ ಬಲದಿಂದ ತನ್ನ ಆಕ್ಸಲ್ ಅನ್ನು, ಅಂದರೆ ನಡುವಿನ ಅಚ್ಚನ್ನು, ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಆ ಆಕ್ಸಲ್ ತಿರುಗದಂತೆ ಹಿಡಿಯಬೇಕಾದ್ದು ಫೋರ್ಕ್‌ನ ಸೀಳು. ಸಾಮಾನ್ಯವಾಗಿ ಹಬ್ ಮೋಟರ್‌ನ ಆಕ್ಸಲ್ 12 ಮಿಲಿಮೀಟರ್ ದಪ್ಪ ಇರುತ್ತದೆ. ಅದರ ಎರಡು ಬದಿಯನ್ನು ಚಪ್ಪಟೆ ಮಾಡಿ 10 ಮಿಲಿಮೀಟರ್‌ಗೆ ಇಳಿಸಿರುತ್ತಾರೆ. ಈ ಚಪ್ಪಟೆ ಬದಿಗಳು ಸೀಳಿನ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮೋಟರ್‌ನ ತಿರುಚುಬಲ 40 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಿ. ಇದೇನೂ ದೊಡ್ಡ ಮೋಟರ್ ಅಲ್ಲ. ಆದರೆ ಆ ಬಲವೆಲ್ಲ ಬರೀ 10 ಮಿಲಿಮೀಟರ್ ಅಂತರದಲ್ಲಿ ಬೀಳುವಾಗ ಎರಡೂ ಕಾಲು ಸೇರಿ ಸುಮಾರು 400 ಕೆಜಿ ಭಾರದಷ್ಟು ಒತ್ತಡ ತಡೆಯಬೇಕಾಗುತ್ತದೆ. ಒಂದು ಸಲ ಅಲ್ಲ, ಪ್ರತಿ ಸಲ ಹೊರಡುವಾಗಲೂ. ಸೀಳು ಸ್ವಲ್ಪ ಅಗಲವಾಯಿತು ಅಂದರೆ ಆಕ್ಸಲ್ ಒಳಗೇ ತಿರುಗುತ್ತದೆ. ಜೊತೆಗೆ ಮೋಟರ್ ವೈರ್ ಸುತ್ತಿಕೊಂಡು ಹರಿಯುತ್ತದೆ, ನಟ್ ಸಡಿಲ ಆಗುತ್ತದೆ, ಕೊನೆಗೆ ಚಕ್ರ ಫೋರ್ಕ್‌ನಿಂದ ಕಳಚಿ ಬೀಳುತ್ತದೆ. ಓಡುತ್ತಿರುವ ಸೈಕಲ್‌ನ ಹಿಂದಿನ ಚಕ್ರ ಕಳಚಿದರೆ ಸೈಕಲ್ ನಿಲ್ಲುತ್ತದೆ. ಮುಂದಿನದು ಕಳಚಿದರೆ ಮುಖ ನೆಲಕ್ಕೆ ಹೋಗುತ್ತದೆ.

ನನಗೆ ಇದು ಅರ್ಥವಾಗಿದ್ದು ಒಂದು ಶಬ್ದದಿಂದ. ಮೊದಲ ಕಿಟ್ ಹಾಕಿ ಮೂರು ವಾರ ಆಗಿತ್ತು. ನಿಂತಲ್ಲಿಂದ ಹೊರಡುವಾಗ ಮುಂದಿನಿಂದ ಸಣ್ಣಗೆ ‘ಟಕ್’ ಅನ್ನುತ್ತಿತ್ತು. ಬ್ರೇಕ್ ಹಿಡಿದು ಮತ್ತೆ ಹೊರಟರೆ ಮತ್ತೆ ‘ಟಕ್’. ಚಕ್ರದ ಕಡ್ಡಿ ಸಡಿಲ ಇರಬೇಕು ಅಂದುಕೊಂಡು ಎರಡು ದಿನ ಹಾಗೇ ಓಡಿಸಿದೆ. ಆಮೇಲೆ ನಟ್ ಬಿಚ್ಚಿ ನೋಡಿದರೆ ಸೀಳಿನ ಒಳ ಅಂಚಿನಲ್ಲಿ ಬಣ್ಣ ಪೂರ್ತಿ ಕಿತ್ತುಹೋಗಿ ಲೋಹ ಫಳಫಳ ಹೊಳೆಯುತ್ತಿತ್ತು. ಒಂದು ಮೂಲೆ ಹಲ್ಲಿನಿಂದ ಕಚ್ಚಿದ ಹಾಗೆ ಒಳಕ್ಕೆ ಹೋಗಿತ್ತು. ವೈರ್ ಹೊರಬರುವ ತೂತು ನಾನು ಕೂರಿಸಿದಾಗ ಕೆಳಮುಖವಾಗಿತ್ತು, ಈಗ ಓರೆಯಾಗಿತ್ತು. ಕಿಟ್ ಜೊತೆ ಬಂದಿದ್ದ ಹಲ್ಲಿನ ವಾಷರ್ ಮಾತ್ರ ಹಾಕಿದ್ದೆ, ಆಕ್ಸಲ್ ತಿರುಗದಂತೆ ಫೋರ್ಕ್‌ಗೆ ಬಿಗಿಯುವ ಪಟ್ಟಿ, ಅಂದರೆ ಟಾರ್ಕ್ ಆರ್ಮ್, ಹಾಕಿರಲಿಲ್ಲ. ಆ ಫೋರ್ಕ್ ಅನ್ನು ಆವತ್ತೇ ತೆಗೆದಿಟ್ಟೆ. ಅಲ್ಲಿಂದೀಚೆಗೆ ಯಾರೇ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ: ನಿಮ್ಮ ಫೋರ್ಕ್ ಯಾವುದು?

ಫೋರ್ಕ್ ಪರೀಕ್ಷೆ

ಒಂದು ಸಣ್ಣ ಅಯಸ್ಕಾಂತ ತೆಗೆದುಕೊಳ್ಳಿ. ಫ್ರಿಜ್‌ಗೆ ಅಂಟಿಸುವಂಥದ್ದಾದರೂ ಆಗುತ್ತದೆ. ಅದನ್ನು ಫೋರ್ಕ್‌ನ ತುದಿಗೆ, ಆಕ್ಸಲ್ ಕೂರುವ ಜಾಗಕ್ಕೇ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಉಕ್ಕು. ಮೇಲ್ಗಡೆ ಹಿಡಿದು ನೋಡಬೇಡಿ. ಸಸ್ಪೆನ್ಷನ್ ಫೋರ್ಕ್‌ಗಳಲ್ಲಿ ಮೇಲಿನ ಹೊಳೆಯುವ ಕೊಳವೆ ಉಕ್ಕಿನದ್ದಾಗಿದ್ದು, ಕೆಳಗಿನ ಕಾಲುಗಳು ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಎರಕದ್ದಾಗಿರುವುದು ಉಂಟು. ಮೋಟರ್‌ನ ಬಲವೆಲ್ಲ ಬೀಳುವುದು ಆ ಕೆಳಗಿನ ತುದಿಯ ಮೇಲೆ.

ಉಕ್ಕಿನ ಗುಣ ಏನೆಂದರೆ ಅದು ಮುರಿಯುವ ಮೊದಲು ಬಾಗುತ್ತದೆ. ಸೀಳು ಅಗಲವಾಗುತ್ತದೆ, ಶಬ್ದ ಬರುತ್ತದೆ, ನೋಡುವ ಕಣ್ಣಿಗೆ ಕಾಣುತ್ತದೆ. ನನಗೆ ಸಿಕ್ಕ ಹಾಗೆ ಎಚ್ಚರಿಕೆ ಸಿಗುತ್ತದೆ. ಎರಕದ ಅಲ್ಯೂಮಿನಿಯಂ, ಮೆಗ್ನೀಸಿಯಂ ಹಾಗಲ್ಲ. ಹೊರಗೆ ಏನೂ ಕಾಣದೆ ಒಳಗೆ ಬಿರುಕು ಬೆಳೆದು ಒಂದು ದಿನ ಬಿಸ್ಕತ್ತಿನಂತೆ ತುಂಡಾಗಿ ಬೀಳುತ್ತದೆ. ಕಾರ್ಬನ್ ಫೋರ್ಕ್ ಬಗ್ಗೆ ಮಾತೇ ಬೇಡ, ಅದಕ್ಕೆ ಹಬ್ ಮೋಟರ್ ಹಾಕಲೇಬಾರದು.

ಹಾಗಾಗಿ ನನ್ನ ಲೆಕ್ಕ ಸೀದಾ ಇದೆ. ಗಟ್ಟಿ, ಅಂದರೆ ಸಸ್ಪೆನ್ಷನ್ ಇಲ್ಲದ ಉಕ್ಕಿನ ಫೋರ್ಕ್, ಅದರಲ್ಲೂ ತುದಿಗೆ ಬೇರೆಯೇ ದಪ್ಪ ಪಟ್ಟಿ ಬೆಸೆದಿರುವಂಥದ್ದು ಸಿಕ್ಕರೆ 250 ವ್ಯಾಟ್ ಗೇರ್ ಮೋಟರ್ ಅನ್ನು ಧೈರ್ಯವಾಗಿ ಹಾಕಬಹುದು, ಟಾರ್ಕ್ ಆರ್ಮ್ ಜೊತೆಗೆ. ಕೊಳವೆಯ ತುದಿಯನ್ನೇ ಜಜ್ಜಿ ಚಪ್ಪಟೆ ಮಾಡಿ ಸೀಳು ಹೊಡೆದಿರುವ ಅಗ್ಗದ ಉಕ್ಕಿನ ಫೋರ್ಕ್ ಆದರೆ ಮೋಟರ್ ಸಣ್ಣದೇ ಇರಲಿ, ಆರ್ಮ್ ಎರಡೂ ಕಡೆ ಇರಲಿ. ಗಟ್ಟಿ ಅಲ್ಯೂಮಿನಿಯಂ ಫೋರ್ಕ್‌ಗೆ ಕೆಲವರು ಸಣ್ಣ ಮೋಟರ್ ಹಾಕಿ ಓಡಿಸುತ್ತಾರೆ. ನಾನಂತೂ ಹಾಕುವುದಿಲ್ಲ. ಸಸ್ಪೆನ್ಷನ್ ಫೋರ್ಕ್ ಇದ್ದರೆ ಅದನ್ನು ತೆಗೆದು ಉಕ್ಕಿನ ಗಟ್ಟಿ ಫೋರ್ಕ್ ಹಾಕಿಸಿ, ಇಲ್ಲವೇ ಹಿಂದಿನ ಚಕ್ರದ ಮೋಟರ್ ನೋಡಿ. ಹಿಂದಿನ ಚೌಕಟ್ಟಿನ ಸೀಳು ಸಾಮಾನ್ಯವಾಗಿ ಹೆಚ್ಚು ದಪ್ಪ ಇರುತ್ತದೆ. ಅದು ಕೈಕೊಟ್ಟರೂ ಅಪಾಯ ಇಷ್ಟಿಲ್ಲ.

ಫೋರ್ಕ್‌ಗೆ ವಯಸ್ಸಾಗಿದ್ದರೆ ತುಕ್ಕು ನೋಡಿ. ತುದಿಯ ಬೆಸುಗೆ ಹತ್ತಿರ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ಅಲ್ಲಿ ಬಿರುಕು ಇರಬಹುದು ಅಂತಲೇ ತಿಳಿಯಿರಿ. ಹಿಂದೊಮ್ಮೆ ಗುದ್ದಿಸಿಕೊಂಡು ಬಾಗಿ, ಮತ್ತೆ ನೆಟ್ಟಗೆ ಮಾಡಿಸಿದ ಫೋರ್ಕ್ ಬೇಡವೇ ಬೇಡ.

ಅಳತೆ ನಾಲ್ಕು ಸಲ, ಖರೀದಿ ಒಂದು ಸಲ

ಈಗ ಸ್ಕೇಲು ಅಥವಾ ವರ್ನಿಯರ್ ಹಿಡಿಯಿರಿ. ಫೋರ್ಕ್‌ನ ಎರಡು ತುದಿಗಳ ನಡುವಿನ ಒಳ ಅಂತರ ಸಾಮಾನ್ಯವಾಗಿ 100 ಮಿಲಿಮೀಟರ್. ಮುಂದಿನ ಮೋಟರ್‌ಗಳೂ ಈ ಅಳತೆಗೇ ಬರುತ್ತವೆ. ಉಕ್ಕಿನ ಫೋರ್ಕ್ ಅನ್ನು ಕೈಯಲ್ಲಿ ಒಂದೆರಡು ಮಿಲಿಮೀಟರ್ ಅಗಲಿಸಿ ಕೂರಿಸಬಹುದು. ಅದಕ್ಕಿಂತ ಜಾಸ್ತಿ ಎಳೆಯಬೇಕಾಗಿ ಬಂದರೆ ಆ ಮೋಟರ್ ಆ ಫೋರ್ಕ್‌ಗೆ ಅಲ್ಲ.

ಸೀಳಿನ ಅಗಲ ಇನ್ನೊಂದು ಅಳತೆ. ಸಾಮಾನ್ಯ ಮುಂದಿನ ಆಕ್ಸಲ್ 9 ಮಿಲಿಮೀಟರ್ ಇರುವುದರಿಂದ ಸೀಳೂ ಅದಕ್ಕೆ ತಕ್ಕ ಹಾಗಿರುತ್ತದೆ. ಮೋಟರ್ ಆಕ್ಸಲ್‌ನ ಚಪ್ಪಟೆ ಭಾಗ 10 ಇರುವುದರಿಂದ ಸ್ವಲ್ಪ ಉಜ್ಜಬೇಕಾಗಿ ಬರಬಹುದು. ಉಕ್ಕಾದರೆ ಚಪ್ಪಟೆ ಅರದಿಂದ ಎರಡೂ ಗೋಡೆಗಳನ್ನು ಸಮನಾಗಿ ಉಜ್ಜಿ. ನಾಲ್ಕೈದು ಸಲ ಎಳೆಯುವುದು, ಆಕ್ಸಲ್ ಇಟ್ಟು ನೋಡುವುದು, ಮತ್ತೆ ನಾಲ್ಕೈದು ಸಲ ಎಳೆಯುವುದು. ಆಕ್ಸಲ್ ಕೈಯೊತ್ತಡಕ್ಕೆ ಬಿಗಿಯಾಗಿ ಜಾರಿ ಒಳಗೆ ಹೋಗಬೇಕು, ಲೊಡಲೊಡ ಅನ್ನಬಾರದು. ಅವಸರದಲ್ಲಿ ಅರ್ಧ ಮಿಲಿಮೀಟರ್ ಜಾಸ್ತಿ ಉಜ್ಜಿದರೆ ಅದನ್ನು ವಾಪಸ್ ತುಂಬಿಸಲು ಆಗುವುದಿಲ್ಲ. ಸೀಳಿನ ಮೇಲ್ತುದಿಯನ್ನು ಆಳ ಮಾಡಲು ಹೋಗಬೇಡಿ. ಹಾಗೇ ಸುತ್ತಿಗೆಯಿಂದ ಹೊಡೆದು ಕೂರಿಸುವುದೂ ಬೇಡ.

ಅಡ್ಡಲಾಗಿ ದಪ್ಪ ಟೊಳ್ಳು ಆಕ್ಸಲ್ ತೂರಿಸುವಂಥ ಹೊಸ ಮಾದರಿಯ ಫೋರ್ಕ್ ಇದ್ದರೆ ಅಲ್ಲಿ ಸೀಳೇ ಇರುವುದಿಲ್ಲ. ಚಪ್ಪಟೆ ಬದಿಯ ಮೋಟರ್ ಆಕ್ಸಲ್‌ಗೆ ಅಲ್ಲಿ ಹಿಡಿತವೂ ಇಲ್ಲ. ಅಂಥ ಫೋರ್ಕ್‌ಗೆ ಮಾಮೂಲು ಕಿಟ್ ಆಗದು.

ಇನ್ನು ಡಿಸ್ಕ್ ಬ್ರೇಕ್ ಇದ್ದವರಿಗೆ ಒಂದು ಮಾತು. ಮೋಟರ್‌ನ ಹೊಟ್ಟೆ ದಪ್ಪ ಇರುವುದರಿಂದ ಕ್ಯಾಲಿಪರ್‌ಗೆ, ಅಂದರೆ ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗಕ್ಕೆ, ತಾಗುವ ಸಾಧ್ಯತೆ ಇದೆ. ಕಾಗದದ ಮೇಲೆ ಅಳತೆ ಸರಿ ಕಂಡರೂ ಚಕ್ರ ಕೂರಿಸಿ, ಕೈಯಿಂದ ತಿರುಗಿಸಿ, ನಡುವೆ ಜಾಗ ಇದೆಯಾ ಅಂತ ಕಣ್ಣಿಟ್ಟು ನೋಡಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕ್ಯಾಲಿಪರ್ ಫೋರ್ಕ್ ಕಾಲಿನ ಹಿಂದುಗಡೆ ಇರುತ್ತದೆ. ಆ ಜಾಗದಲ್ಲಿ ಡಿಸ್ಕ್ ಮೇಲಕ್ಕೆ ತಿರುಗುತ್ತಿರುತ್ತದೆ. ಬ್ರೇಕ್ ಪ್ಯಾಡ್ ಅದನ್ನು ಹಿಡಿದಾಗ ಚಕ್ರವನ್ನು ಕೆಳಕ್ಕೆ, ಅಂದರೆ ಸೀಳಿನ ಬಾಯಿಯ ಕಡೆಗೆ ತಳ್ಳುತ್ತದೆ. ಮೋಟರ್ ತಿರುಚುವುದು, ಬ್ರೇಕ್ ಕೆಳಕ್ಕೆ ತಳ್ಳುವುದು, ಎರಡೂ ಒಂದೇ ನಟ್‌ನ ಮೇಲೆ. ನಟ್ ಬಿಗಿ ಎಷ್ಟು ಮುಖ್ಯ ಅಂತ ಇದರಿಂದ ತಿಳಿಯುತ್ತದೆ ಅಲ್ವಾ?

ಯಾವ ಮೋಟರ್

ಹಬ್ ಮೋಟರ್‌ನಲ್ಲಿ ಎರಡು ಜಾತಿ. ಒಳಗೆ ಸಣ್ಣ ಗೇರ್‌ಗಳಿರುವುದು ಒಂದು, ನೇರವಾಗಿ ಚಕ್ರವನ್ನೇ ತಿರುಗಿಸುವುದು ಇನ್ನೊಂದು. ಮುಂದಿನ ಚಕ್ರಕ್ಕೆ ಗೇರ್ ಇರುವುದೇ ಸರಿ. ತೂಕ ಎರಡು ಮೂರು ಕೆಜಿಯಲ್ಲಿ ಮುಗಿಯುತ್ತದೆ, ನಿಂತಲ್ಲಿಂದ ಎಳೆಯುವ ಶಕ್ತಿ ಚೆನ್ನಾಗಿರುತ್ತದೆ, ಕರೆಂಟ್ ಕೊಡದಿದ್ದಾಗ ಒಳಗಿನ ಕ್ಲಚ್‌ನಿಂದಾಗಿ ಹಗುರವಾಗಿ ಉರುಳುತ್ತದೆ. ನೇರ ಮೋಟರ್ ಐದಾರು ಕೆಜಿ ದಾಟುತ್ತದೆ. ಅಷ್ಟು ಭಾರ ಮುಂದೆ ಇದ್ದರೆ ಹ್ಯಾಂಡಲ್ ತಿರುಗಿಸುವಾಗ ಕೈಗೆ ಗೊತ್ತಾಗುತ್ತದೆ, ಗುಂಡಿಗೆ ಇಳಿದಾಗ ರಿಮ್‌ಗೆ ಪೆಟ್ಟು ಜಾಸ್ತಿ. ಬ್ರೇಕ್ ಹಿಡಿದಾಗ ಬ್ಯಾಟರಿ ಚಾರ್ಜ್ ಮಾಡುವ ಸೌಲಭ್ಯ ಬೇಕೆಂದು ಕೆಲವರು ನೇರ ಮೋಟರ್ ಹಾಕುತ್ತಾರೆ. ಆಗ ಆಕ್ಸಲ್ ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ತಿರುಚಿಕೊಳ್ಳುತ್ತದೆ. ಹೀಗೆ ಅತ್ತಿತ್ತ ಆಡಿಸುವುದು ನಟ್ ಸಡಿಲಿಸುವುದಕ್ಕೆ ಹೇಳಿ ಮಾಡಿಸಿದ ದಾರಿ. ಮುಂದಿನ ಫೋರ್ಕ್‌ನಲ್ಲಿ ಆ ಸೌಲಭ್ಯವನ್ನು ಬಿಟ್ಟುಬಿಡಿ.

ಮೋಟರ್ ಮೇಲೆ 250 ವ್ಯಾಟ್ ಅಂತ ಬರೆದಿದ್ದ ಮಾತ್ರಕ್ಕೆ ಅದು ಎಳೆಯುವುದು ಅಷ್ಟೇ ಅಂದುಕೊಳ್ಳಬೇಡಿ. ಬ್ಯಾಟರಿಯಿಂದ ಮೋಟರ್‌ಗೆ ಹೋಗುವ ಕರೆಂಟ್ ನಿಯಂತ್ರಿಸುವ ಕಂಟ್ರೋಲರ್ ಎಷ್ಟು ಕರೆಂಟ್ ಬಿಡುತ್ತದೆ ಅನ್ನುವುದೇ ಲೆಕ್ಕ. 36 ವೋಲ್ಟ್ ಬ್ಯಾಟರಿ, 15 ಆಂಪಿಯರ್ ಕಂಟ್ರೋಲರ್ ಆದರೆ ಗರಿಷ್ಠ 540 ವ್ಯಾಟ್ ಎಳೆಯುತ್ತದೆ. ಫೋರ್ಕ್‌ಗೆ ಬೀಳುವ ಪೆಟ್ಟನ್ನು ನಿರ್ಧರಿಸುವುದು ಈ ಕರೆಂಟ್. ಕರೆಂಟ್ ಕಡಿಮೆ ಮಾಡುವ, ನಿಧಾನವಾಗಿ ಶುರುವಾಗುವ ಸೆಟ್ಟಿಂಗ್ ಇರುವ ಕಂಟ್ರೋಲರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಒಮ್ಮೆಗೇ ಜಗ್ಗುವ ಮೋಟರ್‌ಗಿಂತ ಮೆಲ್ಲಗೆ ಹೆಜ್ಜೆ ಇಡುವ ಮೋಟರ್ ಕೈಯಲ್ಲಿ ಫೋರ್ಕ್ ಎಷ್ಟೋ ವರ್ಷ ಬಾಳುತ್ತದೆ. 1000 ವ್ಯಾಟ್ ಮುಂದಿನ ಕಿಟ್‌ಗಳೂ ಮಾರಾಟಕ್ಕಿವೆ. ಮಾರುತ್ತಾರೆ ಅಂದ ಮಾತ್ರಕ್ಕೆ ಹಾಕಬಹುದು ಅಂತಲ್ಲ.

ಕಾನೂನನ್ನೂ ಒಮ್ಮೆ ನೋಡಿಕೊಳ್ಳಿ. ಯುರೋಪಿಯನ್ ಒಕ್ಕೂಟದಲ್ಲಿ ಪೆಡಲ್ ತುಳಿದಾಗ ಮಾತ್ರ ನೆರವು ಕೊಡುವ, ನಿರಂತರ ಸಾಮರ್ಥ್ಯ 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರ್‌ಗೆ ನೆರವು ನಿಲ್ಲಿಸುವ ಸೈಕಲ್‌ಗಳು ಸೈಕಲ್ ಲೆಕ್ಕಕ್ಕೇ ಬರುತ್ತವೆ. ಬೇರೆ ದೇಶಗಳ ಮಿತಿ ಬೇರೆ. ಮಿತಿ ದಾಟಿದರೆ ಅದು ಮೋಟರ್ ವಾಹನ ಅನ್ನಿಸಿಕೊಳ್ಳುತ್ತದೆ. ಅಪಘಾತ ಆದಾಗ ಈ ವ್ಯತ್ಯಾಸ ದೊಡ್ಡದಾಗುತ್ತದೆ.

ಮುಂದಿನದರ ಅನುಕೂಲವೂ ಇದೆ

ಇಷ್ಟೆಲ್ಲ ಹೆದರಿಸಿದ ಮೇಲೆ ಮುಂದೆ ಯಾಕೆ ಹಾಕಬೇಕು? ಯಾಕೆಂದರೆ ಅದು ಚೈನು, ಗೇರು, ಹಿಂದಿನ ಚಕ್ರ ಯಾವುದನ್ನೂ ಮುಟ್ಟುವುದಿಲ್ಲ. ಹಿಂದಿನ ಹಬ್ ಒಳಗೇ ಗೇರ್ ಇರುವ ಸೈಕಲ್‌ಗಳಿಗೆ ಹಬ್ ಮೋಟರ್ ಹಾಕಬೇಕೆಂದರೆ ಮುಂದಿನದೇ ದಾರಿ. ಪೆಡಲ್ ಶಕ್ತಿ ಹಿಂದೆ, ಮೋಟರ್ ಶಕ್ತಿ ಮುಂದೆ, ಎರಡು ಚಕ್ರವೂ ಎಳೆಯುತ್ತವೆ. ಬೇಡವಾದಾಗ ಹಳೇ ಚಕ್ರ ಹಾಕಿದರೆ ಸೈಕಲ್ ಮೊದಲಿನಂತೆ. ಮಟ್ಟಸವಾದ ಡಾಂಬರು ರಸ್ತೆಯಲ್ಲಿ ದಿನಾ ಹತ್ತು ಹದಿನೈದು ಕಿಲೋಮೀಟರ್ ಕೆಲಸಕ್ಕೆ ಹೋಗಿ ಬರುವವರಿಗೆ, ಎದುರು ಗಾಳಿಗೆ, ಸಣ್ಣ ಏರಿಗೆ, ಮಂಡಿ ನೋವಿರುವವರಿಗೆ ಇದು ನಿಜಕ್ಕೂ ಒಳ್ಳೇ ಸಂಗಾತಿ.

ಕಡಿದಾದ ಏರು ಜಾಸ್ತಿ ಇರುವ ಕಡೆ ಮಾತ್ರ ಬೇಡ. ಏರಿನಲ್ಲಿ ನಿಮ್ಮ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಜಲ್ಲಿ, ಮರಳು, ಒದ್ದೆ ಎಲೆ ಇದ್ದರೆ ಚಕ್ರ ನಿಂತಲ್ಲೇ ಗರಗರ ಸುತ್ತುತ್ತದೆ. ಹಿಂದೆ ಕ್ಯಾರಿಯರ್ ಮೇಲೆ ಬ್ಯಾಟರಿ, ಅದರ ಮೇಲೆ ಚೀಲ ಹೇರಿದರೆ ಇದು ಇನ್ನೂ ಜಾಸ್ತಿ. ಬ್ಯಾಟರಿಯನ್ನು ಚೌಕಟ್ಟಿನ ನಡುವಿನ ಕೊಳವೆಗೆ, ಬಾಟಲಿ ಕಟ್ಟುವ ಜಾಗದಲ್ಲಿ ಕೂರಿಸಿ.

ಕೂರಿಸುವ ಕೆಲಸ

ಸೈಕಲ್ ಅನ್ನು ತಲೆಕೆಳಗೆ ಮಾಡಿ, ಇಲ್ಲವೇ ಸ್ಟ್ಯಾಂಡ್‌ಗೆ ಹಾಕಿ. ಹಳೇ ಚಕ್ರದಿಂದ ಟೈರು, ಟ್ಯೂಬು, ರಿಮ್ ಟೇಪು ತೆಗೆದು ಹೊಸ ಚಕ್ರಕ್ಕೆ ಹಾಕಿ. ಹಾಕುವ ಮೊದಲು ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ. ಕಿಟ್‌ಗಳ ಚಕ್ರದಲ್ಲಿ ಕಡ್ಡಿ ಬಿಗಿ ಒಂದೇ ಸಮ ಇರುವುದು ಅಪರೂಪ. ಸಡಿಲ ಕಂಡರೆ ಚಕ್ರ ನೇರ ಮಾಡುವವರ ಹತ್ತಿರ ಒಮ್ಮೆ ಕೊಟ್ಟು ಬಿಗಿ ಮಾಡಿಸಿ.

ತಿರುಗುವ ದಿಕ್ಕು ನೋಡಿಕೊಂಡು ಚಕ್ರ ಇಡಿ, ಮೋಟರ್ ಮೇಲೆ ಬಾಣದ ಗುರುತು ಇರುತ್ತದೆ. ಗೇರ್ ಮೋಟರ್ ಉಲ್ಟಾ ಕೂತರೆ ಸೈಕಲ್ ಮುಂದಕ್ಕೆ ಹೋಗುವುದಿಲ್ಲ. ಆಕ್ಸಲ್‌ನಿಂದ ವೈರ್ ಹೊರಬರುವ ಬಾಯಿ, ಸೈಕಲ್ ನೆಲದ ಮೇಲೆ ನಿಂತಾಗ ಕೆಳಮುಖವಾಗಿರಬೇಕು. ಇದು ಮಳೆನೀರು ಒಳಗೆ ಇಳಿಯದಿರಲಿ ಅಂತ.

ಆಕ್ಸಲ್ ಸೀಳಿನ ಕೊನೆಯವರೆಗೂ ಹೋಗಿ ಕೂತಿದೆಯಾ? ಎರಡೂ ಕಡೆ ನೋಡಿ. ಈಗ ವಾಷರ್ ವಿಚಾರ. ಬಹಳಷ್ಟು ಫೋರ್ಕ್‌ಗಳ ಸೀಳಿನ ಸುತ್ತ ಹೊರಬದಿಯಲ್ಲಿ ಒಂದು ಸಣ್ಣ ಏಣು ಇರುತ್ತದೆ, ನಟ್ ಸಡಿಲವಾದರೂ ಚಕ್ರ ತಕ್ಷಣ ಬೀಳದಿರಲಿ ಅಂತ ಮಾಡಿದ್ದು. ದೊಡ್ಡ ವಾಷರ್ ಆ ಏಣಿನ ಮೇಲೆ ಓರೆಯಾಗಿ ಕೂತರೆ ನೀವು ಎಷ್ಟು ಬಿಗಿ ಮಾಡಿದರೂ ಹಿಡಿತ ಏಣಿನ ಮೇಲಿರುತ್ತದೆ, ಫೋರ್ಕ್ ಮೇಲಲ್ಲ. ಕೆಲವು ದಿನಕ್ಕೆ ಏಣು ಜಜ್ಜಿಹೋಗಿ ನಟ್ ತಾನಾಗಿ ಸಡಿಲ. ಆ ತಗ್ಗಿನೊಳಗೆ ಕೂರುವಷ್ಟು ಸಣ್ಣ ವಾಷರ್ ಒಂದನ್ನು ಮೊದಲು ಹಾಕಿ ಮಟ್ಟ ಮಾಡಿಕೊಳ್ಳಿ. ಇಂಗ್ಲಿಷಿನ ಸಿ ಅಕ್ಷರದ ಆಕಾರದ ವಾಷರ್ ಇದಕ್ಕೆಂದೇ ಸಿಗುತ್ತದೆ. ಹಲ್ಲಿನ ವಾಷರ್ ಹಾಕುವುದಾದರೆ ಅದರ ಹಲ್ಲು ಸೀಳಿನೊಳಗೇ ಇಳಿದಿರಬೇಕು. ಹೊರಗೆ ಓರೆಯಾಗಿ ಕೂತ ಹಲ್ಲಿನಿಂದ ಕೆಡುಕೇ ಜಾಸ್ತಿ.

ಅದರ ಮೇಲೆ ಟಾರ್ಕ್ ಆರ್ಮ್. ಇದೊಂದು ದಪ್ಪ ಉಕ್ಕಿನ ಪಟ್ಟಿ. ಒಂದು ತುದಿಯ ತೂತು ಆಕ್ಸಲ್‌ನ ಚಪ್ಪಟೆ ಬದಿಗಳಿಗೆ ಸರಿಯಾಗಿ ಹೊಂದುತ್ತದೆ, ಇನ್ನೊಂದು ತುದಿಯನ್ನು ಫೋರ್ಕ್ ಕಾಲಿಗೆ ಮೇಲ್ಗಡೆ ಬಿಗಿಯುತ್ತೇವೆ. ಸೀಳಿನ ಗೋಡೆ 10 ಮಿಲಿಮೀಟರ್ ಅಂತರದಲ್ಲಿ 400 ಕೆಜಿ ತಡೆಯಬೇಕಿತ್ತು ಅಂದೆನಲ್ಲ, 10 ಸೆಂಟಿಮೀಟರ್ ಉದ್ದದ ಆರ್ಮ್‌ನ ತುದಿಯಲ್ಲಿ ಅದೇ ಕೆಲಸಕ್ಕೆ 40 ಕೆಜಿ ಸಾಕು. ಅದನ್ನು ಒಂದು ಒಳ್ಳೇ ಕ್ಲಿಪ್ ತಡೆಯುತ್ತದೆ. ಇಷ್ಟು ಸಣ್ಣ ವಸ್ತು ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಬಹಳ ಕಿಟ್‌ಗಳಲ್ಲಿ ಇದು ಬರುವುದಿಲ್ಲ, ಬೇರೆ ತರಿಸಬೇಕು. ದಯವಿಟ್ಟು ತರಿಸಿ.

ಆರ್ಮ್ ಕೂರಿಸುವಾಗ ಒಂದು ಗಮನ. ಆಕ್ಸಲ್ ಮತ್ತು ತೂತಿನ ನಡುವೆ ಕಿಂಚಿತ್ತೂ ಆಟ ಇರಬಾರದು. ಇದ್ದರೆ ಆ ಆಟ ಮುಗಿಯುವವರೆಗೆ ಬಲ ಬೀಳುವುದು ಸೀಳಿನ ಮೇಲೆಯೇ, ಆರ್ಮ್ ಬರೀ ಅಲಂಕಾರ. ಮೋಟರ್ ಎಳೆದಾಗ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುವುದರಿಂದ ಆರ್ಮ್‌ನ ಮೇಲ್ತುದಿಯೂ ಹಿಂದಕ್ಕೆ ಹೋಗಲು ನೋಡುತ್ತದೆ. ಕೈಯಿಂದ ಆ ಕಡೆಗೆ ಒತ್ತಿ ಹಿಡಿದು, ಅಲುಗಾಟ ಪೂರ್ತಿ ತೆಗೆದು, ಆಮೇಲೆ ಸ್ಟೀಲ್ ಹೋಸ್ ಕ್ಲಿಪ್ ಬಿಗಿ ಮಾಡಿ. ಫೋರ್ಕ್‌ನಲ್ಲಿ ಮಡ್‌ಗಾರ್ಡ್ ಬೋಲ್ಟಿನ ತೂತು ದಪ್ಪ ಇದ್ದು ಆರ್ಮ್‌ಗೆ ಹೊಂದಿದರೆ ಬೋಲ್ಟ್ ಹಾಕಬಹುದು. ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಮುಗಿಸಬೇಡಿ.

ಕೊನೆಗೆ ಸಾದಾ ವಾಷರ್, ಅದರ ಮೇಲೆ ನಟ್. ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋಗಿ. 12 ಮಿಲಿಮೀಟರ್ ಆಕ್ಸಲ್‌ಗೆ ಸಾಮಾನ್ಯವಾಗಿ 35ರಿಂದ 40 ನ್ಯೂಟನ್ ಮೀಟರ್ ಬಿಗಿ. ನಿಮ್ಮ ಮೋಟರ್‌ನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಟಾರ್ಕ್ ಸ್ಪ್ಯಾನರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಸಲ ಯಾರ ಹತ್ತಿರವಾದರೂ ಕೇಳಿ ತಂದು ಆ ಬಿಗಿ ಕೈಗೆ ಹೇಗೆ ಅನ್ನಿಸುತ್ತದೆ ಅಂತ ತಿಳಿದುಕೊಳ್ಳಿ. ಸಾಮಾನ್ಯ ಸೈಕಲ್ ನಟ್‌ಗಿಂತ ಅದು ಜಾಸ್ತಿಯೇ ಇರುತ್ತದೆ. ಆದರೆ ಕೊಳವೆ ಸಿಕ್ಕಿಸಿ ಜಗ್ಗಿದರೆ ಆಕ್ಸಲ್‌ನ ತಿರುಪಿನ ಎಳೆ ಕಿತ್ತುಹೋಗುತ್ತದೆ.

ಈಗ ನಾನು ಎಂದೂ ತಪ್ಪಿಸದ ಕೆಲಸ. ಬಿಳಿ ಬಣ್ಣದ ಮಾರ್ಕರ್ ಅಥವಾ ಉಗುರುಬಣ್ಣ ತೆಗೆದುಕೊಂಡು ನಟ್, ಆರ್ಮ್, ಫೋರ್ಕ್ ಮೂರರ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ. ಎರಡೂ ಕಡೆ. ಆಕ್ಸಲ್ ಅಥವಾ ನಟ್ ಕೂದಲಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ವೈರು, ಬ್ರೇಕು, ಬ್ಯಾಟರಿ

ವೈರಿಂಗ್ ಸುಲಭ. ಈಗಿನ ಕಿಟ್‌ಗಳಲ್ಲಿ ಮೋಟರ್ ವೈರ್ ಒಂದೇ ಪ್ಲಗ್‌ನಲ್ಲಿ ಬರುತ್ತದೆ. ಎರಡೂ ಕಡೆಯ ಬಾಣ ಎದುರುಬದುರು ಇಟ್ಟು ನೇರವಾಗಿ ಒತ್ತಿ, ತಿರುಚಬೇಡಿ. ಒಳಗಿನ ಪಿನ್ ಬಾಗಿದರೆ ನೆಟ್ಟಗೆ ಮಾಡುವುದು ಕಷ್ಟ. ಆಕ್ಸಲ್‌ನಿಂದ ಹೊರಟ ವೈರ್ ಮೊದಲು ಸ್ವಲ್ಪ ಕೆಳಗೆ ಬಾಗಿ, ಆಮೇಲೆ ಫೋರ್ಕ್ ಹಿಡಿದು ಮೇಲೆ ಹೋಗಲಿ. ಹೀಗಿದ್ದರೆ ವೈರ್ ಮೇಲೆ ಇಳಿದ ನೀರು ಆ ತಗ್ಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಹ್ಯಾಂಡಲ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೆಯುತ್ತಿಲ್ಲ ಅಂತ ನೋಡಿದ ಮೇಲೆಯೇ ಟೈ ಬಿಗಿಯಿರಿ.

ಕಿಟ್ ಜೊತೆ ಬರುವ ಬ್ರೇಕ್ ಲಿವರ್‌ನಲ್ಲಿ ಮೋಟರ್ ಕಟ್ ಮಾಡುವ ಸ್ವಿಚ್ ಇರುತ್ತದೆ. ಹಳೇ ಲಿವರ್ ಚೆನ್ನಾಗಿದೆ ಅಂತ ಇದನ್ನು ಬಿಡುವವರು ಬಹಳ. ಬಿಡಬೇಡಿ. ಮೋಟರ್‌ಗೆ ವೇಗ ಕೊಡುವ ಥ್ರಾಟಲ್ ಸಿಕ್ಕಿಕೊಂಡರೆ, ನೀವು ತುಳಿಯುವುದನ್ನು ಗುರುತಿಸುವ ಪೆಡಲ್ ಸೆನ್ಸರ್ ಒಂದು ಕ್ಷಣ ತಡವಾಗಿ ನಿಂತರೆ ನಿಮ್ಮನ್ನು ಉಳಿಸುವುದು ಇದೊಂದೇ. ಹಳೇ ಲಿವರ್ ಬದಲಿಸಲು ಆಗದಿದ್ದರೆ ಅದಕ್ಕೆ ಅಂಟಿಸುವ ಅಯಸ್ಕಾಂತದ ಸೆನ್ಸರ್ ಸಿಗುತ್ತದೆ.

ಬ್ಯಾಟರಿ ವಿಷಯದಲ್ಲಿ ಹೆಚ್ಚು ಬೆಳೆಸುವುದಿಲ್ಲ. 36 ವೋಲ್ಟ್ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್, 48ರದ್ದು 54.6 ವೋಲ್ಟ್. ಚಾರ್ಜರ್ ಅದಕ್ಕೆ ತಕ್ಕದ್ದೇ ಇರಬೇಕು, ಪ್ಲಗ್ ಹೊಂದಿತು ಅಂತ ಬೇರೆಯದು ಚುಚ್ಚಬಾರದು. ಕೆಳಗೆ ಬಿದ್ದು ಪೆಟ್ಟಾದ, ಉಬ್ಬಿದ, ಒಳಗೆ ನೀರು ಹೋದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಹೊರಗೆ ಹೋಗುವ ಬಾಗಿಲ ದಾರಿಯಲ್ಲಿ ಚಾರ್ಜ್‌ಗೆ ಇಡಬೇಡಿ. ಎಷ್ಟು ದೂರ ಹೋಗುತ್ತದೆ? 36 ವೋಲ್ಟ್, 10 ಆಂಪಿಯರ್ ಅವರ್ ಅಂದರೆ 360 ವ್ಯಾಟ್ ಅವರ್. ನೀವೂ ತುಳಿಯುತ್ತಾ ಹೋದರೆ ಕಿಲೋಮೀಟರ್‌ಗೆ ಸುಮಾರು 10ರಿಂದ 12 ವ್ಯಾಟ್ ಅವರ್ ಖರ್ಚು. ಮೂವತ್ತು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ.

ಮೊದಲ ಓಟ

ಮುಂದಿನ ಚಕ್ರ ಎತ್ತಿ ಹಿಡಿದು ಥ್ರಾಟಲ್ ತುಸುವೇ ಕೊಡಿ. ಶಬ್ದ ಒಂದೇ ಸಮ ಇದೆಯಾ, ಬ್ರೇಕ್ ಒತ್ತಿದ ಕೂಡಲೇ ಮೋಟರ್ ನಿಲ್ಲುತ್ತದೆಯಾ ಕೇಳಿ. ಆಮೇಲೆ ಖಾಲಿ ಬಯಲಿಗೆ ಹೋಗಿ, ಹೆಲ್ಮೆಟ್ ಹಾಕಿ, ಅತಿ ಕಡಿಮೆ ನೆರವಿನಲ್ಲಿ ಓಡಿಸಿ. ಹತ್ತು ಸಲ ನಿಂತು ಹತ್ತು ಸಲ ಹೊರಡಿ. ಇಳಿದು ಗೆರೆ ನೋಡಿ.

ಓಡಿಸುವ ರೀತಿಯೂ ಸ್ವಲ್ಪ ಬದಲಾಗಬೇಕು. ತಿರುವಿನಲ್ಲಿ ವಾಲಿರುವಾಗ ಥ್ರಾಟಲ್ ಕೊಡಬೇಡಿ. ಆಗ ಮುಂದಿನ ಟೈರಿಗೆ ತಿರುಗಿಸುವ ಕೆಲಸವೂ ಇದೆ, ಎಳೆಯುವ ಕೆಲಸವೂ ಇದೆ. ಎರಡೂ ಸೇರಿ ಹಿಡಿತ ಮೀರಿದರೆ ಹಿಂದಿನ ಚಕ್ರ ಜಾರಿದ ಹಾಗೆ ಸುಧಾರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ತಿರುವು ಮುಗಿದು ಹ್ಯಾಂಡಲ್ ನೇರವಾದ ಮೇಲೆ ಕೊಡಿ. ಒದ್ದೆ ರಸ್ತೆ, ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಮರಳು ಕಂಡಲ್ಲಿ ನೆರವು ಇಳಿಸಿ ಬರೀ ತುಳಿದು ದಾಟಿ. ಉದ್ದನೆಯ ಏರಿನಲ್ಲಿ ವೇಗ ತೀರಾ ಬಿದ್ದುಹೋದರೆ ಮೋಟರ್ ಒಳಗೆ ಕರೆಂಟ್ ಬರೀ ಬಿಸಿಯಾಗಿ ಹೋಗುತ್ತದೆ. ಗೇರ್ ಇಳಿಸಿ ನೀವೂ ಜೋರಾಗಿ ತುಳಿಯಿರಿ. ನಿಲ್ಲಿಸಿದಾಗ ಕೈ ಹತ್ತಿರ ಒಯ್ದು ನೋಡಿ, ಮುಟ್ಟಲಾಗದಷ್ಟು ಬಿಸಿ ಇದ್ದರೆ ಹತ್ತು ನಿಮಿಷ ಬಿಡಿ.

ಮೊದಲ 20 ಕಿಲೋಮೀಟರ್ ಆದ ಮೇಲೆ ನಟ್ ಮತ್ತೆ ಬಿಗಿ ನೋಡಿ. ವಾಷರ್, ಬಣ್ಣ ಎಲ್ಲ ಒತ್ತಿಕೊಂಡು ಕೂರುವಾಗ ಸ್ವಲ್ಪ ಸಡಿಲ ಆಗುವುದು ಸಹಜ. ನೂರು ಕಿಲೋಮೀಟರ್‌ಗೆ ಕಡ್ಡಿ ನೋಡಿ. ಆಮೇಲೆ ವಾರಕ್ಕೊಮ್ಮೆ ಟೈರ್ ಗಾಳಿ ನೋಡುವಾಗ ಗೆರೆಯನ್ನೂ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ಸುಮ್ನೆ ಬಿಗಿ ಮಾಡಿ ಹೊರಡಬೇಡಿ. ಬಿಚ್ಚಿ, ಸೀಳಿನ ಅಂಚು ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಹೊಸ ಗುರುತು, ಅಗಲವಾದ ಬಾಯಿ, ಬೆಸುಗೆ ಹತ್ತಿರ ಬಿರುಕು, ಇದರಲ್ಲಿ ಒಂದು ಕಂಡರೂ ಆ ಫೋರ್ಕ್‌ನ ಕೆಲಸ ಮುಗಿಯಿತು.

ಪಂಚರ್ ಬಗ್ಗೆ ಮೊದಲೇ ಯೋಚಿಸಿಟ್ಟುಕೊಳ್ಳಿ. ಮೋಟರ್ ಚಕ್ರಕ್ಕೆ ಕೈಯಿಂದ ಬಿಚ್ಚುವ ಲಿವರ್ ಇರುವುದಿಲ್ಲ, ನಟ್‌ಗೆ ಸರಿಹೋಗುವ ಸ್ಪ್ಯಾನರ್, ಸಾಮಾನ್ಯವಾಗಿ 18 ಅಥವಾ 19ರದ್ದು, ಚೀಲದಲ್ಲಿ ಇರಲೇಬೇಕು. ಹೋಸ್ ಕ್ಲಿಪ್‌ಗೆ ಸ್ಕ್ರೂ ಡ್ರೈವರ್, ಕತ್ತರಿಸಿದ ಕೇಬಲ್ ಟೈ ಬದಲಿಗೆ ನಾಲ್ಕು ಹೊಸದು. ತೂತು ಎಲ್ಲಿದೆ ಅಂತ ಗೊತ್ತಾದರೆ ಚಕ್ರ ಬಿಚ್ಚುವುದೇ ಬೇಡ. ಟೈರಿನ ಒಂದು ಬದಿ ಎಬ್ಬಿಸಿ, ಆ ಭಾಗದ ಟ್ಯೂಬ್ ಮಾತ್ರ ಹೊರಗೆಳೆದು ಪ್ಯಾಚ್ ಹಾಕಿ. ಬಿಚ್ಚಲೇಬೇಕಾಗಿ ಬಂದರೆ ವಾಷರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಕೇಬಲ್ ಟೈಗೆ ಪೋಣಿಸಿ ಇಡಿ, ರಸ್ತೆ ಬದಿಯಲ್ಲಿ ಅದು ಅದಲುಬದಲಾಗುವುದು ಬಹಳ ಸುಲಭ. ಮತ್ತೆ ಕೂರಿಸಿ ಬಿಗಿ ಮಾಡಿದ ಮೇಲೆ ಹಳೇ ಗೆರೆ ಉಜ್ಜಿ ಅಳಿಸಿ, ಹೊಸ ಗೆರೆ ಎಳೆದುಕೊಂಡು ಹೊರಡಿ.